ಒಂದು ಕವಳದ ಹೊತ್ತು

ಹಕ್ಕಲಗದ್ದೆಯ ಜಟ್ಟಿಂಗಪ್ಪನಿಗೆ ಸಿಟ್ಟು ಬರುವುದೇ ಅಪರೂಪ. ಮದುವೆಮನೆಯಲ್ಲಿ ಊಟಕ್ಕೆ ಕರೆಯಲು ಮರೆತರೆ ತಾನೂ ಹಸಿವು ಮರೆತವನಂತೆ ಎದ್ದು ಬರುತ್ತಾನೆ. ಗ್ರಾಮಸಭೆಯಲ್ಲಿ ಕುರ್ಚಿ ಸಿಗದಿದ್ದರೆ ಕಂಬಕ್ಕೊರಗಿ ನಿಂತೇ ಮುಗಿಸುತ್ತಾನೆ. ಆದರೆ ಅವನ ಕಣ್ಣೆದುರು ಯಾರಾದರೂ ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿದ ಮರುಗಳಿಗೆಯೇ ಆಕ್ಸಿಲೇಟರ್ ಒತ್ತಿ ಗುರ್ರೆನಿಸಿದರೋ, ಆಮೇಲೆ ಅವರ ಪಾಡು ನಾಯಿಪಾಡು. ಒಮ್ಮೆ ರಿಪ್ಪನ್‌ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಗುರುತು ಪರಿಚಯವಿಲ್ಲದ ಯಾರದೋ ಟೆಂಪೋ ಕಿಟಕಿಗೆ ಕೈ ಹಾಕಿ, ಹಾಸಿಗೆಯಿಂದ ಎದ್ದ ಕೂಡಲೇ ನಿನ್ನ ಬೆನ್ನಿಗೆ ಎರಡು ಬಿಗಿದು ಓಡು ಅಂದರೆ ಓಡುತ್ತೀಯಾ ಎಂದು ಕೇಳಿದ್ದ. ಟೆಂಪೋದವನು ಇವನಿಗೆ ತಲೆ ಕೆಟ್ಟಿದೆ ಎಂದುಕೊಂಡು ಗಾಜು ಏರಿಸಿಕೊಂಡ. ತಲೆ ಕೆಟ್ಟಿರಲಿಲ್ಲ. ಕೆಟ್ಟದ್ದು ಬೇರೆಯೇ ಇತ್ತು, ಅದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೂವತ್ತಾರು ವರ್ಷ ಅವನು ಓಡಿಸಿದ್ದು ಒಂದೇ ಟ್ರ್ಯಾಕ್ಟರ್. ಊರಿನ ದೊಡ್ಡ ಜಮೀನಿನ ವಾಸಪ್ಪಗೌಡರು ತಂದ ಕೆಂಪು ಟ್ರ್ಯಾಕ್ಟರ್. ಈಗ ಅದರಲ್ಲಿ ಕೆಂಪು ಎಲ್ಲಿದೆ ಎಂದು ಹುಡುಕಬೇಕು. ಗೌಡರು ತೀರಿಕೊಂಡ ಮೇಲೆ ಮಗ ಸುರೇಂದ್ರ ಅದನ್ನೇ ಇಟ್ಟುಕೊಂಡಿದ್ದರು. ಕಳೆದ ದೀಪಾವಳಿಗೆ ಹೊಸತು ಬಂತು. ಹಳೆಯದನ್ನು ನೋಡಲು ಬಂದ ಗುಜರಿಯವನು ಟೈರಿಗೊಮ್ಮೆ ಒದ್ದು, ಎಷ್ಟು ತೂಗಬಹುದೆಂದು ಬಾಯಿಲೆಕ್ಕ ಶುರು ಮಾಡಿದ. ಅಷ್ಟು ಹೊತ್ತೂ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಜಟ್ಟಿಂಗಪ್ಪನ ಮುಖ ನೋಡಿ ಸುರೇಂದ್ರರಿಗೆ ಏನನ್ನಿಸಿತೋ, ಗುಜರಿಯವನಿಗೆ ಚಾ ಕುಡಿಸಿ ಕಳಿಸಿಬಿಟ್ಟರು. ಆಮೇಲೆ ಹತ್ತಿರ ಬಂದು, ಇದನ್ನು ನೀನೇ ತಗೊಂಡು ಹೋಗು, ಅಪ್ಪಯ್ಯ ಇದ್ದಿದ್ದರೂ ಹಾಗೇ ಮಾಡುತ್ತಿದ್ದರು ಎಂದರು.

ತಗೊಂಡು ಹೋಗಿ ಅವನು ಮಾಡುವುದೇನು? ಸ್ವಂತ ಗದ್ದೆಯಿಲ್ಲ. ಎಡಗಣ್ಣಿಗೆ ಪೊರೆ, ಬಲಗೈಗೆ ನಡುಕ. ಆದ್ದರಿಂದ ಮಗಳು ಶರಾವತಿಗೆ ಹೇಳಿಕಳಿಸಿದ. ಅವಳನ್ನು ತಾಳಗುಪ್ಪದ ಹತ್ತಿರ ಕೊಟ್ಟಿದ್ದರು; ಅಲ್ಲಿ ನಾಲ್ಕು ಎಕರೆ ಗದ್ದೆಯಿತ್ತು. ಅಳಿಯ ಕಾಂತರಾಜ್ ಚಿನ್ನದಂಥ ಮನುಷ್ಯ, ಆದರೆ ಇಳಿಜಾರು ಬಂದರೆ ಸೈಕಲ್ಲನ್ನೂ ಇಳಿದು ತಳ್ಳಿಕೊಂಡು ಹೋಗುವವನು. ಟ್ರ್ಯಾಕ್ಟರಿನ ಲೈಸೆನ್ಸ್ ಮಾಡಿಸಿಕೊಂಡದ್ದು ಶರಾವತಿಯೇ. ಜನವರಿಯ ಎರಡನೇ ಭಾನುವಾರ ಅವಳೇ ಓಡಿಸಿಕೊಂಡು ಹೋಗುವುದೆಂದು ಮಾತಾಯಿತು. ಮಗುವನ್ನೂ ದನವನ್ನೂ ಗಂಡನಿಗೆ ಒಪ್ಪಿಸಿ, ಶನಿವಾರ ಸಂಜೆಯ ಬಸ್ಸಿಗೆ ಬಂದು ಅಪ್ಪನ ಮನೆಯಲ್ಲಿ ಉಳಿದಳು.

ಟ್ರ್ಯಾಕ್ಟರ್ ಕೊಡುವುದು ಸುಲಭ, ಅದನ್ನು ಎಬ್ಬಿಸುವ ಕ್ರಮ ಕೊಡುವುದು ಕಷ್ಟ. ಉಳಿದದ್ದನ್ನೆಲ್ಲ ಜಟ್ಟಿಂಗಪ್ಪ ಕಣ್ಣು ಮುಚ್ಚಿಕೊಂಡು ಹೇಳಿಕೊಡಬಲ್ಲ. ಕೊನೆಯ ಒಂದು ಮಾತು ಮಾತ್ರ ಹನ್ನೊಂದು ವರ್ಷದಿಂದ ಅವನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಹೇಳಬೇಕಾದರೆ ಅವಳ ತಾಯಿ ಸತ್ತ ಬೆಳಗಿನ ವಿಷಯ ಹೇಳಬೇಕು. ಹೇಳಿದ ಮೇಲೆ ಮಗಳು ತನ್ನನ್ನು ಅಪ್ಪಯ್ಯ ಎಂದು ಕರೆಯುತ್ತಾಳೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಹೇಳದೆ ಕಳಿಸಿದರೆ ಅವಳ ಮನೆಯಲ್ಲೂ ಯಾವತ್ತಾದರೂ ಅದೇ ಆದೀತೆಂಬ ಹೆದರಿಕೆ. ಶನಿವಾರ ಊಟಕ್ಕೆ ಕೂತಾಗ ಎರಡು ಸಲ ಬಾಯಿ ತೆರೆದ. ಎರಡು ಸಲವೂ ಉಪ್ಪು ಕೇಳಿದ.

ಮೊದಲಿಂದ ಹೇಳಿದರೇ ಇದು ಅರ್ಥವಾಗುವುದು.

ಗೌಡರ ಮನೆಯ ಎತ್ತಿನಗಾಡಿ ಹೊಡೆಯುತ್ತಿದ್ದ ಜಟ್ಟಿಂಗಪ್ಪ ಟ್ರ್ಯಾಕ್ಟರ್ ಹತ್ತಿದಾಗ ಅವನಿಗೆ ಇಪ್ಪತ್ತಾರು. ಹದಿನೈದು ದಿನ ಶಿವಮೊಗ್ಗದಲ್ಲಿ ಕಲಿತು ಬಂದಿದ್ದ, ಮೈಯೆಲ್ಲ ಹುರುಪು. ಮೊದಲ ವರ್ಷದ ಹೂಟಿಯ ಕಾಲ. ಬೆಳಗಾಗುವ ಮೊದಲೇ ಎಂಜಿನ್ ಚಾಲೂ ಮಾಡುವುದು, ಊರೆಲ್ಲ ಕೇಳುವಂತೆ ರೇಸ್ ಕೊಡುವುದು, ಗದ್ದೆಗೆ ಇಳಿಸುವುದು. ಎಂಟೇ ದಿನ. ಒಂಬತ್ತನೆಯ ದಿನ ಒಳಗಿನಿಂದ ಟಕಟಕ ಸದ್ದು ಬಂತು, ಬೇರಿಂಗ್ ಹೋಯಿತು. ರಿಪ್ಪನ್‌ಪೇಟೆಯಲ್ಲಿ ಮೆಕ್ಯಾನಿಕ್ ವೆಂಕಟ್ರಮಣನ ಗ್ಯಾರೇಜಿನಲ್ಲಿ ಇಪ್ಪತ್ತೆರಡು ದಿನ ಬಿದ್ದುಕೊಂಡಿತು. ಅಕ್ಕಪಕ್ಕದವರ ನಾಟಿ ಮುಗಿಯಿತು, ಗೌಡರು ಬಾಡಿಗೆ ಎತ್ತಿನಲ್ಲಿ ಉತ್ತರು. ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಿತ್ತು.

ವೆಂಕಟ್ರಮಣ ಮಾತ್ರ ಅವನನ್ನು ಬಿಚ್ಚಿಟ್ಟ ಎಂಜಿನ್ನಿನ ಮುಂದೆ ಕೂರಿಸಿ ಪಾಠ ಹೇಳಿದ. ರಾತ್ರಿಯಿಡೀ ನಿಂತ ಎಂಜಿನ್ನಿನಲ್ಲಿ ಆಯಿಲ್ ಎಲ್ಲ ಕೆಳಗಿಳಿದು ತಳ ಸೇರಿರುತ್ತದೆ, ಮೇಲಿನ ಭಾಗ ಒಣಗಿರುತ್ತದೆ, ಆಗ ರೇಸ್ ಕೊಟ್ಟರೆ ಕಬ್ಬಿಣಕ್ಕೆ ಕಬ್ಬಿಣ ತಿಕ್ಕುತ್ತದೆ. ಆಯಿಲ್ ಮೇಲೇರಿ ಎಲ್ಲ ಕಡೆ ಹರಿಯುವವರೆಗೆ ಮೆಲ್ಲಗೆ ಓಡಲಿಕ್ಕೆ ಬಿಡಬೇಕು. ಎಷ್ಟು ಹೊತ್ತು ಎಂದು ಇವನು ಕೇಳಿದ. ಕೈಗೆ ವಾಚಿಲ್ಲದವನಿಗೆ ನಿಮಿಷದ ಲೆಕ್ಕ ಹೇಳಿ ಪ್ರಯೋಜನವಿಲ್ಲವೆಂದು ಕಂಡಿತೇನೋ.

“ಕವಳ ಹಾಕ್ತೀಯಲ್ಲ,” ಎಂದ ವೆಂಕಟ್ರಮಣ. “ಎಲೆ ಒರೆಸಿ, ಸುಣ್ಣ ಹಚ್ಚಿ, ಅಡಿಕೆ ಇಟ್ಟು ಬಾಯಿಗೆ ಹಾಕ್ಕೊ. ಮೊದಲ್ನೇ ಸಲ ಉಗಿಯೋ ತನಕ ಅದನ್ನ ಮುಟ್ಬೇಡ. ಆಮೇಲೆ ನೀ ಹೇಳಿದ್ದು ಕೇಳುತ್ತೆ.”

ಅಂದಿನಿಂದ ಅದೇ ಕ್ರಮ. ಎಂಜಿನ್ ಚಾಲೂ ಆದ ಮೇಲೆ ಜಟ್ಟಿಂಗಪ್ಪ ಕೆಳಗಿಳಿದು, ಸೊಂಟದ ಎಲೆಚೀಲ ಬಿಚ್ಚಿ, ನಿಧಾನವಾಗಿ ಒಂದು ಕವಳ ಹಾಕಿಕೊಳ್ಳುತ್ತಿದ್ದ. ಎಲೆಯ ತೊಟ್ಟು ಮುರಿದು, ಎರಡೂ ಕಡೆ ಪಂಚೆಗೆ ಒರೆಸಿ, ಬೆರಳ ತುದಿಯ ಸುಣ್ಣ ಸವರುವಾಗ ಹೊಗೆ ಬೆಳ್ಳಗಿರುತ್ತಿತ್ತು. ಅಡಿಕೆ ಕಚ್ಚುವಾಗ ತಿಳಿಯಾಗುತ್ತಿತ್ತು. ಬೇಲಿಯ ಬುಡಕ್ಕೆ ಉಗಿದು ತಿರುಗುವ ಹೊತ್ತಿಗೆ ಎಂಜಿನ್ನಿನ ಸದ್ದು ಒಂದೇ ಹದಕ್ಕೆ ಬಂದಿರುತ್ತಿತ್ತು. ಹದಿನೆಂಟು ವರ್ಷ ಆ ಎಂಜಿನ್ ಬಿಚ್ಚಲೇ ಇಲ್ಲ. ಗೌಡರು ಬಂದ ನೆಂಟರಿಗೆಲ್ಲ ಹೇಳಿಕೊಂಡು ತಿರುಗಿದರು, ನಮ್ಮ ಜಟ್ಟಿಂಗಪ್ಪನ ಕವಳದಿಂದ ನನಗೆ ಒಂದು ಎಂಜಿನ್ ಉಳಿಯಿತು ಎಂದು. ಒಳ್ಳೆಯ ಅಭ್ಯಾಸ ಎಂದರೆ ಅದೇ, ಮನುಷ್ಯ ಮರೆತರೂ ಕೈ ಮರೆಯುವುದಿಲ್ಲ. ಕೈ ಮರೆಯದಿರುವುದು ಎಂಥ ಶಾಪ ಎನ್ನುವುದು ಅವನಿಗೆ ಆಗ ಗೊತ್ತಿರಲಿಲ್ಲ.

ಹೆಂಡತಿ ದುರ್ಗಮ್ಮ ಅವನಿಗೆ ತದ್ವಿರುದ್ಧ. ಅವಳದು ನಡಿಗೆಯೆಂದರೆ ಓಟ, ಮಾತೆಂದರೆ ಹುರಿದ ಕಡಲೆ. ನಾಟಿಗೆ, ಕೊಯ್ಲಿಗೆ ಹೋಗುವ ಹೆಂಗಸರ ಜೊತೆ ಟ್ರೇಲರಿನಲ್ಲಿ ಎಲ್ಲರಿಗಿಂತ ಮೊದಲು ಹತ್ತಿ ಕೂರುತ್ತಿದ್ದಳು. ಕೂತ ಕೂಡಲೇ, “ಇನ್ನೂ ಹೊರಡ್ಲಿಲ್ವಾ?” ಎನ್ನುವಳು. ಗಂಡ ಬೆನ್ನು ತಿರುಗಿಸಿಕೊಂಡೇ, “ಆಯ್ತು, ಬಂತು,” ಎನ್ನುವನು. ಹೆಂಗಸರೆಲ್ಲ ನಗುವರು. ಈ ಎಂಜಿನ್ನೇ ನಿಮಗೆ ಕಟ್ಟಿಕೊಂಡವಳು, ನಾನು ಆಮೇಲೆ ಬಂದವಳು ಎಂದು ಅವಳು ಛೇಡಿಸಿದರೆ, ತಾಳಿದವನು ಬಾಳಿಯಾನು ಕಣೆ ಎಂದು ಇವನು ಗಾದೆ ಹೇಳುವನು. ತಾಳಿದವಳು ಬಾಳುವುದು ಯಾವಾಗ ಎಂದು ಅವಳು ತಿರುಗಿಸಿ ಕೇಳುವಳು. ಇಪ್ಪತ್ತೈದು ವರ್ಷ ಬೆಳಗಾದರೆ ಇದೇ ಪ್ರಶ್ನೆ, ಇದೇ ಉತ್ತರ. ಟ್ರ್ಯಾಕ್ಟರ್ ಹೊರಡಲು ಸೆಲ್ಫ್ ಎಷ್ಟು ಬೇಕೋ ಈ ಎರಡು ಮಾತೂ ಅಷ್ಟೇ ಬೇಕು ಎನ್ನುವಂತೆ ಆಗಿಹೋಗಿತ್ತು.

ಹನ್ನೊಂದು ವರ್ಷದ ಹಿಂದಿನ ಜನವರಿ. ಬೆಳಿಗ್ಗೆ ಆರೂವರೆ. ಬಚ್ಚಲ ಒಲೆಗೆ ಬೆಂಕಿ ಹಾಕುತ್ತಿದ್ದ ದುರ್ಗಮ್ಮ ಎದೆ ಹಿಡಿದುಕೊಂಡು ಅಲ್ಲೇ ಕೂತಳು. ಬಾಯಿಂದ ಹಬೆ ಬರುವಂಥ ಚಳಿಯಲ್ಲೂ ಅವಳ ಹಣೆಯಲ್ಲಿ ಬೆವರು. ಸಾಗರದ ಕಾಲೇಜಿನಿಂದ ರಜೆಗೆ ಬಂದಿದ್ದ ಶರಾವತಿ ಓಡಿಬಂದು ತಾಯಿಯನ್ನು ಹಿಡಿದುಕೊಂಡಳು. ಗೌಡರ ಮನೆಯವರು ಮದುವೆಗೆಂದು ಜೀಪಿನಲ್ಲಿ ಮೇಳಿಗೆಗೆ ಹೋಗಿದ್ದರು. ಆಂಬುಲೆನ್ಸಿಗೆ ಫೋನ್ ಮಾಡೋಣವೆಂದರೆ ಸಿಗ್ನಲ್ ಸಿಗಲು ಗುಡ್ಡ ಹತ್ತಬೇಕು. ಉಳಿದದ್ದು ಟ್ರ್ಯಾಕ್ಟರ್ ಒಂದೇ. ಅಪ್ಪ ಮಗಳು ಸೇರಿ ಅವಳನ್ನು ಗೌಡರ ಶೆಡ್ಡಿಗೆ ಎತ್ತಿ ತಂದು, ಟ್ರೇಲರಿನಲ್ಲಿ ಹುಲ್ಲು ಹಾಸಿ, ಮೇಲೆ ಕಂಬಳಿ ಹಾಸಿ ಮಲಗಿಸಿದರು. ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಶರಾವತಿ ಕೂತಳು.

ಜಟ್ಟಿಂಗಪ್ಪ ಓಡಿದ. ನಿಜವಾಗಿಯೂ ಓಡಿದ. ಆಯಿಲ್ ಕಡ್ಡಿ ಎಳೆದು ನೋಡಿದ, ನೀರು ನೋಡಿದ, ಹೀಟರ್ ಕೊಟ್ಟ, ಸೆಲ್ಫ್ ಹೊಡೆದ. ಮೊದಲ ಸಲಕ್ಕೇ ಎಂಜಿನ್ ಎದ್ದಿತು. ಅವನ ತಲೆಯೊಳಗೆ ದುರ್ಗಿ, ದುರ್ಗಿ ಎಂಬ ಒಂದೇ ಕೂಗು. ಕೈ ಮಾತ್ರ ತನ್ನ ಪಾಡಿಗೆ ತಾನು ಆಕ್ಸಿಲೇಟರಿನ ಹಿಡಿಯನ್ನು ಇಳಿಸಿತು. ಕಾಲು ತನ್ನ ಪಾಡಿಗೆ ತಾನು ಕೆಳಗಿಳಿಯಿತು. ಎಲೆಚೀಲ ಬಿಚ್ಚಿಕೊಂಡಿತು.

ಅವನು ಯೋಚಿಸಿ ನಿಂತದ್ದಲ್ಲ. ಎಂಜಿನ್ ಮುಖ್ಯವೋ ಹೆಂಡತಿ ಮುಖ್ಯವೋ ಎಂದು ತೂಗಿ ನೋಡಿದ್ದಲ್ಲ. ಯಾರಾದರೂ ಬಂದು ಭುಜ ಹಿಡಿದು ಅಲ್ಲಾಡಿಸಿದ್ದರೆ ಅವನು ಆ ಕ್ಷಣವೇ ಗೇರು ಹಾಕುತ್ತಿದ್ದ. ಯಾರೂ ಬರಲಿಲ್ಲ. ಎಲೆ ಒರೆಸಿದ, ಸುಣ್ಣ ಹಚ್ಚಿದ. ಬೆನ್ನ ಹಿಂದಿನಿಂದ, ಟ್ರೇಲರಿನ ಹಲಗೆಯ ಆಚೆಯಿಂದ ದುರ್ಗಮ್ಮನ ಸ್ವರ ಬಂತು.

“ಇನ್ನೂ ಹೊರಡ್ಲಿಲ್ವಾ?”

ದಿನಾ ಕೇಳುವ ಪ್ರಶ್ನೆ. ಸ್ವರ ಸಣ್ಣಗಿತ್ತು, ಅಷ್ಟೇ. ದಿನದ ಉತ್ತರವೇ ಅವನ ಬಾಯೊಳಗೆ ಹೊರಳಿತು, ಆಯ್ತು, ಬಂತು. ಎಲೆ ತುಂಬಿದ ಬಾಯಿಂದ ಅದು ಹೊರಗೆ ಬಂತೋ ಇಲ್ಲವೋ ಎಂಜಿನ್ನಿನ ಸದ್ದಿನಲ್ಲಿ ಅವನಿಗೇ ಕೇಳಿಸಲಿಲ್ಲ. ಮೊದಲ ಉಗುಳು ಉಗಿದು, ಹತ್ತಿ ಕೂತು, ಗೇರು ಹಾಕಿದ. ದಾರಿಯುದ್ದಕ್ಕೂ ಹುಚ್ಚನಂತೆ ಓಡಿಸಿದ.

ರಿಪ್ಪನ್‌ಪೇಟೆಯ ಆಸ್ಪತ್ರೆಯ ಮುಂದೆ ಡಾಕ್ಟರು ತಾವೇ ಟ್ರೇಲರ್ ಹತ್ತಿ ನೋಡಿದರು. ಕೈ ಹಿಡಿದರು, ಕಣ್ಣಿನ ರೆಪ್ಪೆ ಎತ್ತಿದರು, ಕಂಬಳಿಯನ್ನು ಎದೆಯವರೆಗೆ ಎಳೆದು ಸರಿಮಾಡಿದರು. ಒಳ್ಳೆಯ ಮನುಷ್ಯ, ಮೆಲ್ಲಗೇ ಹೇಳಿದರು.

“ಹೋಗಿ ಐದು ನಿಮಿಷ ಆಗಿರ್ಬೇಕು.”

ಆಗ ಜಟ್ಟಿಂಗಪ್ಪನ ಬಾಯಲ್ಲಿ ಕವಳ ಇನ್ನೂ ಇತ್ತು.

ಅದನ್ನು ಅವನು ಆಸ್ಪತ್ರೆಯ ಚರಂಡಿಗೆ ಉಗಿದ, ಎಲೆಚೀಲವನ್ನೂ ಅಲ್ಲೇ ಎಸೆದ. ಆಮೇಲೆ ಎಲೆ ಮುಟ್ಟಲಿಲ್ಲ. ಹೆಂಡತಿಯ ನೆನಪಿಗೆ ಕವಳ ಬಿಟ್ಟ ಗಂಡಸು ಎಂದು ಊರಿನವರು ಹೊಗಳಿದರು. ಪುಣ್ಯವಂತೆ ದುರ್ಗಮ್ಮ, ಇಂಥ ಗಂಡ ಯಾರಿಗೆ ಸಿಗುತ್ತಾನೆ ಎಂದು ಹೆಂಗಸರು ತಮ್ಮ ಗಂಡಂದಿರಿಗೆ ಕೇಳುವಂತೆ ಹೇಳಿದರು. ಹೊಗಳಿಕೆಯ ಒಂದೊಂದು ಮಾತಿಗೂ ಅವನು ಒಳಗೊಳಗೇ ಕುಗ್ಗಿದ. ಅಲ್ಲ ಮಾರಾಯರೇ ಎಂದು ಕೂಗಿ ಹೇಳಬೇಕೆನ್ನಿಸುತ್ತಿತ್ತು. ಹೇಳಲಿಲ್ಲ.

ಒಮ್ಮೆ, ಏನೂ ಗೊತ್ತಿಲ್ಲದವನಂತೆ, ವೆಂಕಟ್ರಮಣನನ್ನು ಕೇಳಿದ: ಒಂದು ದಿನ, ಒಂದೇ ದಿನ ಬಿಸಿ ಮಾಡದೆ ಓಡಿಸಿದರೆ ಏನಾಗುತ್ತದೆ? ವೆಂಕಟ್ರಮಣನಿಗೆ ಆಗಲೇ ಕಿವಿ ಮಂದವಾಗಿತ್ತು, ಎರಡು ಸಲ ಕೇಳಿಸಿಕೊಂಡು ನಕ್ಕ. “ಒಂದ್ ದಿನಕ್ಕೆ ಎಂತ ಆಗುತ್ತೆ ಮಾರಾಯ? ಏನೂ ಆಗಲ್ಲ.” ಜಟ್ಟಿಂಗಪ್ಪ ಗ್ಯಾರೇಜಿನಿಂದ ಹೊರಗೆ ಬಂದು, ಎದುರಿನ ರಸ್ತೆ ದಾಟಲಾಗದೆ ತುಂಬ ಹೊತ್ತು ಅಲ್ಲೇ ನಿಂತಿದ್ದ.

ಆದರೂ ಎಂಜಿನ್ ಬಿಸಿಯಾಗಲು ಕಾಯುವುದನ್ನು ಅವನು ಬಿಡಲಿಲ್ಲ. ಬರಿಬಾಯಲ್ಲಿ ಬಾನೆಟ್ಟಿನ ಮೇಲೆ ಕೈಯಿಟ್ಟು ಕಾಯುತ್ತಿದ್ದ. ಮೊದಲಿಗಿಂತ ಕಟ್ಟುನಿಟ್ಟಾಗಿ ಕಾಯುತ್ತಿದ್ದ. ಕಾಯುವುದನ್ನು ಬಿಟ್ಟರೆ, ಆ ದಿನವೂ ಬಿಡಬಹುದಿತ್ತು ಎಂದು ಒಪ್ಪಿಕೊಂಡಂತಾಗುತ್ತದೆ. ತಣ್ಣನೆಯ ಎಂಜಿನ್ನಿಗೆ ರೇಸ್ ಕೊಟ್ಟು ಜುಮ್ಮೆಂದು ಹೊರಟುಹೋಗುವವರನ್ನು ಕಂಡರೆ ಅವನಿಗೆ ಸಿಟ್ಟು ನೆತ್ತಿಗೇರುತ್ತಿದ್ದದ್ದು ಅದಕ್ಕೇ. ಅವರು ಹೊರಟುಹೋಗುತ್ತಿದ್ದರಲ್ಲ, ಅವರ ಎಂಜಿನ್ನಿಗೆ ಏನೂ ಆಗುತ್ತಿರಲಿಲ್ಲವಲ್ಲ.

ಭಾನುವಾರ ಬೆಳಿಗ್ಗೆ ಅದೇ ಚಳಿ. ಅಪ್ಪ ಮಗಳು ಗೌಡರ ಶೆಡ್ಡಿಗೆ ಬಂದರು. ಟ್ರೇಲರಿನಲ್ಲಿ ಆಗಲೇ ಎರಡು ಚೀಲ ಭತ್ತ, ಒಂದು ಹಳೆಯ ನೇಗಿಲು, ಸುರೇಂದ್ರರ ಮನೆಯವರು ಮಗುವಿಗೆಂದು ಕೊಟ್ಟ ಬಾಳೆಗೊನೆ ಇದ್ದವು. ಶರಾವತಿ ಸ್ವೆಟರ್ ಹಾಕಿ, ಸೆರಗು ಸೊಂಟಕ್ಕೆ ಬಿಗಿದು, ಅಪ್ಪ ಮಾಡುವುದನ್ನೆಲ್ಲ ವಿಡಿಯೋ ಮಾಡಿಕೊಳ್ಳಲು ಫೋನ್ ಹಿಡಿದಳು. ಫೋನು ಒಳಗಿಡು, ನಿನ್ನ ಕೈ ಕಲಿಯಬೇಕು, ಫೋನ್ ಕಲಿತು ಏನಾಗಬೇಕು ಎಂದ ಜಟ್ಟಿಂಗಪ್ಪ. ಅವಳು ನಕ್ಕು ಒಳಗಿಟ್ಟಳು.

ಆಯಿಲ್ ಕಡ್ಡಿಯನ್ನು ಎಳೆದು ಒರೆಸಿ ಮತ್ತೆ ಹಾಕಿ ಎಳೆದು ನೋಡಬೇಕು. ಮೊದಲ ಸಲ ಎಳೆದದ್ದು ಸುಳ್ಳು ಹೇಳುತ್ತದೆ. ರೇಡಿಯೇಟರಿನ ನೀರನ್ನು ಕಣ್ಣಲ್ಲಿ ನೋಡಿದರೆ ಸಾಲದು, ಬೆರಳು ಅದ್ದಬೇಕು. ಡೀಸೆಲ್ ಟ್ಯಾಂಕಿನ ನಲ್ಲಿ ತೆರೆದಿದೆಯೇ? ಗೇರು ನ್ಯೂಟ್ರಲ್ಲಿನಲ್ಲಿದ್ದರೂ ಕ್ಲಚ್ ಒತ್ತಿಯೇ ಇರಬೇಕು, ಹಳೆಯ ಬ್ಯಾಟರಿಗೆ ಅಷ್ಟು ಭಾರ ಕಡಿಮೆ. ಹೀಟರ್ ತಿರುಗಿಸಿ ಇಪ್ಪತ್ತು ಎಣಿಸು, ಚಳಿ ಹೆಚ್ಚಿದ್ದರೆ ಇಪ್ಪತ್ತೈದು. ಸೆಲ್ಫ್ ಒತ್ತಿದರೆ ಹತ್ತು ಎಣಿಸುವುದರೊಳಗೆ ಬಿಡು. ಏಳದಿದ್ದರೆ ಅದಕ್ಕೂ ಉಸಿರಾಡಲು ಬಿಟ್ಟು ಆಮೇಲೆ ಒತ್ತು. ಸಂಜೆ ಬಂದು ನಿಲ್ಲಿಸುವಾಗ ಸ್ವಲ್ಪ ಇಳಿಜಾರು ನೋಡಿ ನಿಲ್ಲಿಸು, ಬ್ಯಾಟರಿ ಸತ್ತರೂ ಉರುಳಿಸಿ ಎಬ್ಬಿಸಬಹುದು. ಎಲ್ಲವನ್ನೂ ಅವಳ ಕೈಯಲ್ಲೇ ಮಾಡಿಸಿದ. ಅವಳ ಕೈ ತಾಯಿಯದು, ಚುರುಕು. ಎರಡನೇ ಸಲಕ್ಕೆ ಎಂಜಿನ್ ಎದ್ದಿತು. ಆಯಿಲ್ ಪ್ರೆಶರಿನ ಮುಳ್ಳು ಮೇಲೇರಿತೋ ನೋಡು ಎಂದ. ಏರಿತು ಎಂದಳು. ಆಕ್ಸಿಲೇಟರಿನ ಹಿಡಿ ಇಳಿಸು ಎಂದ. ಇಳಿಸಿದಳು. ಬಿಳಿ ಹೊಗೆ ಶೆಡ್ಡಿನ ಹಂಚಿಗೆ ತಾಗಿ ಹರಡಿತು.

ಈಗ ಎಷ್ಟು ಹೊತ್ತು ಎಂದು ಕೇಳುತ್ತ ಅವಳು ಕೆಳಗಿಳಿದಳು. ಐದು ನಿಮಿಷ ಎಂದ ಅವನು, ಗೋಡೆ ನೋಡಿಕೊಂಡು.

ಶರಾವತಿ ತನ್ನ ಬ್ಯಾಗಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ ಪೊಟ್ಟಣ ತೆಗೆದಳು. ಒಳಗೆ ಎಲೆ, ಅಡಿಕೆ, ಒಂದು ಪುಟ್ಟ ಸುಣ್ಣದ ಡಬ್ಬಿ. ಒಂದು ಎಲೆ ತೆಗೆದು ತೊಟ್ಟು ಮುರಿದು ಸೆರಗಿಗೆ ಒರೆಸತೊಡಗಿದಳು.

“ಹೊತ್ತು ನೋಡ್ಬೇಕಲ್ಲ ಅಪ್ಪಯ್ಯ,” ಎಂದಳು.

ಜಟ್ಟಿಂಗಪ್ಪ ಟ್ರೇಲರಿನ ಹಲಗೆ ಹಿಡಿದುಕೊಂಡ. ಬೇಡ, ಒಳಗಿಡು ಎಂದು ಹೇಳಲು ಹೋದವನ ಬಾಯಿಂದ ಬೇರೆಯೇ ಮಾತು ಬಂತು. ಹನ್ನೊಂದು ವರ್ಷ ಕಟ್ಟಿಹಾಕಿದ್ದು ಒಂದು ಸಲ ಬಿಚ್ಚಿಕೊಂಡ ಮೇಲೆ ತಡೆಯುವುದು ಅವನ ಕೈಲಾಗಲಿಲ್ಲ. ಎಂಜಿನ್ನಿನ ಸದ್ದಿನ ಮೇಲೆ ಕೇಳಿಸಬೇಕೆಂದು ಜೋರಾಗಿಯೇ ಹೇಳಿದ. ಅವತ್ತು ಎಂಜಿನ್ ಎದ್ದಿತ್ತು, ಹೊರಡಬಹುದಿತ್ತು, ಹೊರಡಲಿಲ್ಲ. ಇಲ್ಲೇ ನಿಂತಿದ್ದೆ. ಎಲೆ ಒರೆಸುತ್ತಿದ್ದೆ. ಡಾಕ್ಟರು ಐದು ನಿಮಿಷ ಎಂದರಲ್ಲ, ಆ ಐದು ನಿಮಿಷ ನನ್ನ ಬಾಯಲ್ಲಿತ್ತು.

“ನಿಮ್ಮಮ್ಮ ಅಲ್ಲಿ ಒದ್ದಾಡ್ತಿದ್ಲು. ನಾನು ಕವಳ ಹಾಕ್ದೆ, ಮಗಾ. ಕವಳ ಹಾಕ್ದೆ.”

ಇನ್ನೊಂದು ಹೇಳುವುದಿತ್ತು. ದುರ್ಗಮ್ಮ ಕೇಳಿದ ಪ್ರಶ್ನೆ, ತನ್ನ ಕಿವಿಗೆ ಬಿದ್ದ ಪ್ರಶ್ನೆ. ಅದಕ್ಕೆ ಅವನು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಶರಾವತಿ ಮಾತಾಡಿದಳು. ಎಲೆ ಒರೆಸುವುದನ್ನು ನಿಲ್ಲಿಸಿರಲಿಲ್ಲ, ಅವನ ಕಡೆ ನೋಡಲೂ ಇಲ್ಲ.

“ಅಮ್ಮನೇ ಹೇಳಿದ್ದು. ನನ್ನ ಹತ್ರ ಅಂದ್ಲು, ‘ಅವ್ರಿಗೆ ಅವಸರ ಮಾಡ್ಬೇಡ, ಎಂಜಿನ್ ಬಿಸಿಯಾಗ್ಲಿ, ಕವಳ ಹಾಕ್ಕೊಳ್ಲಿ’ ಅಂತ. ಸಣ್ಣಕ್ಕೆ ಅಂದ್ಲು. ನಿಂಗೆ ಕೇಳಿಸ್ಲಿಲ್ಲ.”

ಜಟ್ಟಿಂಗಪ್ಪ ಮಗಳನ್ನು ನೋಡಿದ. ಇಪ್ಪತ್ತೈದು ವರ್ಷದಲ್ಲಿ ಒಂದೇ ಒಂದು ದಿನ ದುರ್ಗಮ್ಮ ಎಂಜಿನ್ ಬಿಸಿಯಾಗಲಿ ಎಂದವಳಲ್ಲ. ಅವಳ ಬಾಯಲ್ಲಿ ಆ ಮಾತು ಹುಟ್ಟುವುದೇ ಇಲ್ಲ. ಅವತ್ತು ಅವಳು ಏನು ಕೇಳಿದಳೋ ಅದು ಅವನಿಗೆ ನಿನ್ನೆ ಕೇಳಿದಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಅದೇ ಪ್ರಶ್ನೆಯನ್ನು ಈ ಹುಡುಗಿ ತೊಡೆಯ ಮೇಲಿನ ತಲೆಯಿಂದ, ಅವನಿಗಿಂತ ಹತ್ತಿರದಿಂದ ಕೇಳಿಸಿಕೊಂಡಿದ್ದಳು. ಹಲಗೆಯ ಸಂದಿಯಿಂದ ಅಪ್ಪ ಎಲೆ ಒರೆಸುವುದನ್ನೂ ನೋಡಿದ್ದಳು. ಹತ್ತೊಂಬತ್ತು ವರ್ಷದವಳು, ಅವತ್ತೇ ಎಲ್ಲ ಗೊತ್ತಿತ್ತು ಅವಳಿಗೆ. ಗೊತ್ತಿದ್ದೂ ಆ ಸಂಜೆ ಅಪ್ಪಯ್ಯ ಊಟ ಮಾಡು ಎಂದಿದ್ದಳು. ಮದುವೆಯ ದಿನ ಅಪ್ಪಯ್ಯ ಎಂದು ಅವನ ಹೆಗಲ ಮೇಲೆ ಬಿದ್ದು ಅತ್ತಿದ್ದಳು. ಹನ್ನೊಂದು ವರ್ಷ ಅವನು ಹೆದರಿಕೊಂಡು ಮುಚ್ಚಿಟ್ಟದ್ದನ್ನು ಅವಳು ತಿಳಿದೂ ಮುಚ್ಚಿಟ್ಟುಕೊಂಡಿದ್ದಳು. ಈ ಸುಳ್ಳನ್ನು ಯಾವತ್ತು ಕಟ್ಟಿದಳೋ, ಎಷ್ಟು ದಿನ ತಿದ್ದಿದಳೋ. ತಾಳಗುಪ್ಪದಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ತಂದದ್ದು ಎಲೆಯೊಂದೇ ಆಗಿರಲಿಲ್ಲ.

ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಮೊದಲಿಂದಲೂ ಬರುತ್ತಿರಲಿಲ್ಲ. ಸುಣ್ಣ ಎಲೆಯ ಆಚೆಗೂ ಸವರಿಕೊಂಡು ಅವಳ ಬೆರಳೆಲ್ಲ ಬೆಳ್ಳಗಾಗಿತ್ತು.

ನಾನೂ ಕೇಳಿಸಿಕೊಂಡಿದ್ದೇನೆ ಮಗಳೇ ಎಂದು ಹೇಳಿದರೆ ಅವಳ ಕೈಯಲ್ಲಿ ಏನೂ ಉಳಿಯುವುದಿಲ್ಲ. ಜಟ್ಟಿಂಗಪ್ಪ ಅದನ್ನು ನುಂಗಿಕೊಂಡ. ಅ‌ವನ ಜೀವಮಾನದಲ್ಲಿ ಅಷ್ಟು ಕಷ್ಟದ್ದನ್ನು ಅವನು ನುಂಗಿರಲಿಲ್ಲ.

“ಹೌದು,” ಎಂದ. “ಅವ್ಳು ಹಂಗೇ ಅನ್ನೋಳು.”

ಶರಾವತಿ ತಲೆಯೆತ್ತಿದಳು. ಅಪ್ಪ ನಂಬಿದನೆಂದು ಅವಳಿಗೆ ಅನ್ನಿಸಿತೋ ಇಲ್ಲವೋ, ಅವನಿಗೆ ತಿಳಿಯಲಿಲ್ಲ. ಅವಳ ಕಣ್ಣು ತುಂಬಿಕೊಂಡಿತ್ತು. ಚಳಿಗೆ ಎಂಬಂತೆ ಸ್ವೆಟರಿನ ತೋಳಿನಿಂದ ಮೂಗು ಒರೆಸಿಕೊಂಡಳು. ಎಲೆ ಮಡಿಚಿ ಅವನ ಅಂಗೈಯಲ್ಲಿಟ್ಟಳು. ಹೊಗೆ ತಿಳಿಯಾಗಿತ್ತು, ಎಂಜಿನ್ ಹದಕ್ಕೆ ಬಂದಿತ್ತು.

ಈಗ ಗಂಟಲಲ್ಲಿದ್ದ ಮಾತು ಬಂತು. ಅಂಗೈ ಮುಚ್ಚಿಕೊಂಡು ಹೇಳಿದ.

“ಇನ್ನೊಂದು ಕಲೀಬೇಕು ನೀನು. ಯಾರಿಗಾದ್ರೂ ಜೀವಕ್ಕೆ ಕುತ್ತು ಬಂದ್ರೆ ಕಾಯ್ಬೇಡ. ಆಯಿಲ್ ನೋಡ್ಬೇಡ, ನೀರು ನೋಡ್ಬೇಡ, ಎಬ್ಸು, ಗೇರು ಹಾಕು, ಹೋಗು. ಎಂಜಿನ್ ಹಾಳಾದ್ರೆ ಹಾಳಾಗ್ಲಿ. ತಿಳೀತಾ?”

ತಿಳಿಯಿತು ಎಂದು ಅವಳು ತಲೆಯಾಡಿಸಿದಳು. ಕಾಂತರಾಜನಿಗೂ ಹೇಳು ಎಂದ. ಹೇಳುತ್ತೇನೆ ಎಂದಳು. ಅವಳು ಬಗ್ಗಿ ಕಾಲು ಮುಟ್ಟಿದಳು, ಹತ್ತಿ ಕೂತಳು, ಕ್ಲಚ್ ಒತ್ತಿ ಗೇರು ಹಾಕಿದಳು. ಟ್ರ್ಯಾಕ್ಟರ್ ಒಂದು ಸಲ ಕೂಡ ಜಗ್ಗದೆ ಶೆಡ್ಡಿನಿಂದ ಹೊರಬಿತ್ತು. ಗೇಟು ದಾಟುವಾಗ ಅವಳು ತಿರುಗಿ ನೋಡಿದಳು, ಅವನು ಮುಂದೆ ನೋಡು ಎಂದು ಕೈಬೀಸಿದ.

ಖಾಲಿಯಾದ ಶೆಡ್ಡಿನ ನೆಲದಲ್ಲಿ ಮೂವತ್ತಾರು ವರ್ಷದ ಆಯಿಲ್ ಕಲೆ. ಅದರ ಪಕ್ಕದಲ್ಲಿ, ಪ್ರತಿ ಬೆಳಿಗ್ಗೆ ಟ್ರೇಲರ್ ನಿಲ್ಲುತ್ತಿದ್ದ ಜಾಗ. ಜಟ್ಟಿಂಗಪ್ಪ ಅದರ ಎದುರು ಹೋಗಿ ನಿಂತ. ಎಂಜಿನ್ನಿನ ಸದ್ದು ಕೆರೆಯ ಏರಿ ದಾಟಿತು, ಮಾವಿನಮರದ ತಿರುವು ದಾಟಿತು, ಸಣ್ಣದಾಗುತ್ತ ಹೋಯಿತು. ಕೈಯಲ್ಲಿದ್ದ ಕವಳವನ್ನು ಅವನು ಬಾಯಿಗೆ ಹಾಕಿಕೊಳ್ಳಲಿಲ್ಲ. ಸದ್ದು ಪೂರ್ತಿ ನಿಲ್ಲುವವರೆಗೆ ಕಾದ. ಆಮೇಲೆ, ಹನ್ನೊಂದು ವರ್ಷ ತಡವಾಗಿ, ಬೆನ್ನು ತಿರುಗಿಸದೆ, ದುರ್ಗಮ್ಮ ಮಲಗಿದ್ದ ಜಾಗದ ಕಡೆಗೆ ಮುಖ ಮಾಡಿ ಹೇಳಿದ.

“ಹೊರಡ್ತು ಕಣೆ ದುರ್ಗಿ. ಹೊರಡ್ತು.”